ತಂಗಿಯ ಗಾಡಿಯ ತಂಪು

ಝರಾಸಂಗಮದ ದೇವರಿಗೆ ಹೋಗುವ ದಿನ ಜಹೀರಾಬಾದಿನ ನಮ್ಮ ಮನೆಯ ಮುಂದೆ ಎರಡು ಕಾರು ನಿಂತಿದ್ದವು. ಒಂದು ನನ್ನದು. ಕಚೇರಿಯ ಸಹೋದ್ಯೋಗಿಯೊಬ್ಬರು ಸಾಕಷ್ಟು ಓಡಿಸಿ ಮಾರಿದ ಹಳೆಯ ಬಿಳಿ ಕಾರು. ಇನ್ನೊಂದು ತಾಂಡೂರಿನಿಂದ ಬೆಳಿಗ್ಗೆ ಬಂದಿದ್ದ ನನ್ನ ತಂಗಿಯದು. ಹೊಸ ಕಾರು, ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ಇನ್ನೂ ತೆಗೆದಿರಲಿಲ್ಲ. ನಾನು ಅವ್ವನಿಗೆಂದು ಮುಂದಿನ ಸೀಟಿನಲ್ಲಿ ಮೆತ್ತನೆಯ ದಿಂಬು ಹಾಕಿ, ನೀರಿನ ಬಾಟಲಿ ಇಟ್ಟು, ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದೆ. ಅವ್ವ ಮೆಟ್ಟಿಲಿಳಿದಳು, ಸೆರಗು ಸರಿಮಾಡಿಕೊಂಡಳು, ನನ್ನ ಕಾರನ್ನು ದಾಟಿ ತಂಗಿಯ ಕಾರಿನ ಕಡೆ ನಡೆದಳು.

"ಯವ್ವಾ, ಇಲ್ಲಿ ಕೂಡು," ಎಂದೆ.

"ಅಕಿ ಗಾಡ್ಯಾಗ ತಂಪಿರ್ತದವ್ವ. ನಿನ್ನ ಗಾಡ್ಯಾಗ ಉಸಿರು ಕಟ್ಟಿದಂಗ ಆಗ್ತದ ನನಗ," ಎಂದು ತಿರುಗಿ ನೋಡದೆ ಹತ್ತಿ ಕೂತಳು.

ಆ ದಿಂಬಿನ ಮೇಲೆ ನನ್ನ ಗಂಡ ಕೂತರು. ದಾರಿಯುದ್ದಕ್ಕೂ ತಂಗಿಯ ಕಾರು ನಮ್ಮ ಮುಂದಿತ್ತು. ಅದರ ಹಿಂದಿನ ಗಾಜಿನಲ್ಲಿ ಅವ್ವನ ತಲೆ ಕಾಣುತ್ತಿತ್ತು, ಅಂಥ ಬಿಸಿಲಿನಲ್ಲೂ ಶಾಲು ಹೊದ್ದ ತಲೆ. ನನ್ನ ಕಾರಿನ ಎಸಿಯಿಂದ ಬರುತ್ತಿದ್ದುದು ಒಲೆಯ ಮುಂದೆ ಊದಿದಂಥ ಗಾಳಿ. ಗಾಜು ಇಳಿಸಿದೆವು. ಗಂಡ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, "ನಿಮ್ಮವ್ವ ಬುದ್ಧಿವಂತಳು," ಎಂದರು. ನಾನು ಸ್ಟೀರಿಂಗ್ ಹಿಡಿದು ಮುಂದಿನ ಕಾರನ್ನೇ ನೋಡುತ್ತ ಓಡಿಸಿದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಹತ್ತಿರವೇ ಇದ್ದಾಳೆ. ಅವಳ ಬಿಪಿ ಗುಳಿಗೆ, ಕಣ್ಣಿನ ಆಪರೇಷನ್, ಮುಂಜಾನೆಯ ಬಿಸಿನೀರು, ಜೋಳದ ರೊಟ್ಟಿ ಮೆತ್ತಗಿರಬೇಕು ಎಂಬ ಹಟ ಎಲ್ಲವೂ ನನ್ನ ಪಾಲಿನವು. ನನ್ನ ನೌಕರಿ ನಾರಾಯಣಖೇಡದ ಒಂದು ಸರಕಾರಿ ಕಚೇರಿಯಲ್ಲಿ. ಮೊದಲು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾರು ಕೊಂಡಿದ್ದಕ್ಕೆ ಮನೆಯಲ್ಲಿ ಹೇಳಿದ ಕಾರಣ ಆ ಓಡಾಟ. ಖರೇ ಕಾರಣ ಅವ್ವ. ಬಸ್ ಸ್ಟ್ಯಾಂಡಿನಲ್ಲಿ ಕಂಬ ಹಿಡಿದು ನಿಂತ ಅವಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಡ್ರೈವಿಂಗ್ ಕಲಿತದ್ದೂ ಅವಳಿಗಾಗಿಯೇ, ಈ ವಯಸ್ಸಿನಲ್ಲಿ, ಮೈದಾನದಲ್ಲಿ ಎಲ್ಲರೂ ನಗುವಾಗ.

ತಂಗಿ ಹಬ್ಬಕ್ಕೆ ಬರುತ್ತಾಳೆ. ಅವಳ ಗಂಡನದು ತಾಂಡೂರಿನಲ್ಲಿ ಬಂಡೆ ಕೊಯ್ದು ಪಾಲಿಶ್ ಮಾಡುವ ವ್ಯಾಪಾರ. ಬರುವಾಗ ಮಿಠಾಯಿ ತರುತ್ತಾಳೆ, ಅವ್ವನನ್ನು ತಬ್ಬಿಕೊಳ್ಳುತ್ತಾಳೆ, ಕಾರಿನಲ್ಲಿ ಒಂದು ಸುತ್ತು ಹಾಕಿಸುತ್ತಾಳೆ, ಹೋಗುತ್ತಾಳೆ. ಆಮೇಲೆ ವಾರಗಟ್ಟಲೆ ಅವ್ವನ ಬಾಯಲ್ಲಿ ಅದೇ ಕಾರು. ಹಾಲು ಹಾಕುವವಳಿಗೂ ಹೇಳಿದಳು, ಪಕ್ಕದ ಮನೆಯ ಮುದುಕಿಗೂ ಹೇಳಿದಳು. "ನಮ್ಮ ಸಣ್ಣಕಿ ಗಾಡ್ಯಾಗ ಕೂತ್ರ ಚಳಿ ಹತ್ತತದವ್ವ." ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಅಂಥ ದಿನ ರೊಟ್ಟಿ ದಪ್ಪ ಆಗುತ್ತಿದ್ದವು.

ಝರಾಸಂಗಮದಿಂದ ಬಂದ ಮರುದಿನವೇ ನಾನು ಕಾರನ್ನು ಹೆದ್ದಾರಿ ಬದಿಯ ಒಂದು ಅಂಗಡಿಗೆ ಒಯ್ದೆ. ಅಲ್ಲಿದ್ದವನು ಎಸಿ ಹಾಕಿಸಿ, ಗಾಳಿ ಬರುವ ಕಿಂಡಿಗೆ ಅಂಗೈ ಹಿಡಿದ. "ಗ್ಯಾಸ್ ಕಮ್ಮಿ ಆಗ್ಯಾದ್ರಿ ಮೇಡಂ," ಎಂದು ತುಂಬಿಸಿಕೊಟ್ಟ. ಅಷ್ಟೇ. ನನಗೂ ಅಷ್ಟೇ ಬೇಕಾಗಿತ್ತು. ಕಾರು ತಣ್ಣಗಾಯಿತು. ಕಾರಣ ಕೇಳುವ ತಾಳ್ಮೆ ನನಗಿರಲಿಲ್ಲ. ಮನೆಗೆ ಬಂದು ಅವ್ವನನ್ನು ಕೂರಿಸಿಕೊಂಡು ಬಜಾರಿನ ತನಕ ಹೋಗಿ ಬಂದೆ. "ಹೆಂಗದ ಯವ್ವಾ?" ಎಂದು ಕೇಳಿದೆ.

"ಆತು, ಛಲೋ ಆತು," ಎಂದಳು. ಬಾಗಿಲು ತೆಗೆದು ಇಳಿದು ಒಳಗೆ ಹೋದಳು.

ಕೆಲವು ವಾರಗಳ ನಂತರ ಕಲ್ಹೇರ್ ಹತ್ತಿರದ ಸೋದರಮಾವನ ಮನೆಗೆ ಅವಳನ್ನು ಕರೆದುಕೊಂಡು ಹೊರಟೆ. ಅದು ಅವ್ವನ ತವರು. ಹೊಸ ಸೀರೆ ಉಟ್ಟಿದ್ದಳು. ಮಂಜೀರಾ ಸೇತುವೆ ದಾಟುವ ತನಕ ಗಾಳಿ ತಂಪಾಗಿಯೇ ಇತ್ತು. ನಾರಾಯಣಖೇಡ ದಾಟಿದ ಮೇಲೆ ಅದು ಸಪ್ಪೆಯಾಯಿತು, ಆಮೇಲೆ ಬೆಚ್ಚಗಾಯಿತು. ನಾನು ಗುಂಡಿ ತಿರುಗಿಸಿದೆ, ಫ್ಯಾನ್ ಜೋರು ಮಾಡಿದೆ. ಬಿಸಿಗಾಳಿಯೇ ಜೋರಾಯಿತು. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು.

"ಸಣ್ಣಕಿ ಗಾಡಿ ಇದ್ದಿದ್ರ ಇಷ್ಟೊತ್ತಿಗಿ ಶಾಲ್ ಹೊದ್ಕೋತಿದ್ದೆ," ಎಂದಳು.

"ಹಂಗಾದ್ರ ಅಕಿಗೇ ಫೋನ್ ಮಾಡಬೇಕಿತ್ತು. ತಾಂಡೂರಿಂದ ಬಂದು ಕರ್ಕೊಂಡ್ ಹೋಗ್ತಿದ್ಳು."

"ನಾ ಏನಂದೆನವ್ವ ಈಗ? ತಂಪಿರ್ತದ ಅಂದೆ."

ಮಾವನ ಮನೆಯಲ್ಲಿ ಚಹಾ ಕುಡಿಯುತ್ತಲೇ ಅವ್ವ ತನ್ನ ತಮ್ಮನಿಗೆ ತಂಗಿಯ ಕಾರಿನ ವರ್ಣನೆ ಮಾಡಿದಳು. ಅದರ ಬಾಗಿಲು ಎಷ್ಟು ಮೆಲ್ಲಗೆ ಮುಚ್ಚುತ್ತದೆ, ಒಳಗೆ ಕೂತರೆ ಹೊರಗಿನ ಸಪ್ಪಳ ಹೇಗೆ ಕೇಳುವುದಿಲ್ಲ, ಎಲ್ಲವನ್ನೂ. ಅವಳನ್ನು ಅಲ್ಲಿಗೆ ಕರೆತಂದವಳು ನಾನು, ಬೆವರಿನಲ್ಲಿ ಕುಪ್ಪಸ ಬೆನ್ನಿಗೆ ಅಂಟಿಕೊಂಡು ಅವಳ ಎದುರಿಗೇ ಕೂತಿದ್ದವಳು ನಾನು. ಮಾವ ನನ್ನ ಕಡೆ ನೋಡಿ, "ನೀನೂ ಒಂದು ಹೊಸಾದು ತಗೋ ಮತ್ತ," ಎಂದ. ನಾನು ನಕ್ಕೆ. ಆ ನಗುವಿನಿಂದ ಗಲ್ಲ ನೋಯಿತು.

ಕಚೇರಿಯಲ್ಲಿ ಜೀಪು ಓಡಿಸುವವರಿಗೆ ಇದನ್ನು ಹೇಳಿದೆ. ಅವರು ಬಾನೆಟ್ ತೆರೆಸಿ, ನಾನೇ ಹೇಗೆ ನೋಡಬಹುದೆಂದು ತೋರಿಸಿದರು. ಇಂಜಿನ್ ಚಾಲೂ ಇರಬೇಕು, ಎಸಿ ಪೂರ್ತಿ ತಂಪಿಗೆ ಇಟ್ಟಿರಬೇಕು. ಒಳಗೆ ಗ್ಯಾಸ್ ತಳ್ಳುವ ಕಂಪ್ರೆಸರಿನ ಮುಂದಿನ ಬಿಲ್ಲೆ, ಬೆಲ್ಟಿನ ಚಕ್ರವನ್ನು ಹಿಡಿದುಕೊಂಡು ಅದರ ಜೊತೆ ತಿರುಗಬೇಕು. ನನ್ನದು ಟಕ್ ಎಂದು ಹಿಡಿಯುತ್ತಿತ್ತು, ಕೂಡಲೇ ಟಕ್ ಎಂದು ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಗ್ಯಾಸ್ ಕಡಿಮೆಯಿದ್ದರೆ ಹೀಗಾಗುವುದುಂಟು ಎಂದರು. ಇನ್ನೊಂದು, ಅಲ್ಲಿ ಎರಡು ಪೈಪುಗಳಿವೆ. ಸಣ್ಣದು ಬಿಸಿ ಇರಬೇಕು, ಮುಟ್ಟುವಾಗ ಜೋಪಾನ. ದಪ್ಪದು ತಣ್ಣಗಿದ್ದು ಮೈ ಮೇಲೆ ನೀರಹನಿ ಕಟ್ಟಿರಬೇಕು. ಓಡುವ ಬೆಲ್ಟಿಗೆ ದುಪಟ್ಟಾ ತಾಗದಂತೆ ಸೊಂಟಕ್ಕೆ ಬಿಗಿದುಕೊಂಡು ನಾನು ದಪ್ಪ ಪೈಪು ಮುಟ್ಟಿದೆ. ಒಣಗಿತ್ತು. ಜ್ವರ ಬಂದ ಮೈಯ ಹಾಗೆ ಬೆಚ್ಚಗಿತ್ತು.

"ಸುಮ್ನ ಮತ್ತ ತುಂಬಿಸಬ್ಯಾಡ್ರಿ," ಎಂದರು ಅವರು. "ಎಲ್ಲಿ ಹೋತು ಅಂತ ಮೊದ್ಲ ನೋಡ್ಸ್ರಿ."

ಬೇಸಿಗೆ ರಜೆಗೆ ಅವ್ವ ತಾಂಡೂರಿಗೆ ಹೋಗುವುದೆಂದು ತಂಗಿ ಮೊದಲೇ ಮಾತಾಡಿಕೊಂಡಿದ್ದಳು. ಅವಳು ಕರೆದೊಯ್ಯಲು ಬರುವ ದಿನವೇ ನಾನು ಕಾರನ್ನು ಜಹೀರಾಬಾದಿನ ಬೈಪಾಸ್ ಬದಿಯ, ಎಸಿ ಕೆಲಸ ಮಾತ್ರ ಮಾಡುವ ಗ್ಯಾರೇಜಿಗೆ ಒಯ್ದೆ. ಅವ್ವ ಮನೆಯಲ್ಲಿ ಒಬ್ಬಳೇ ಕೂರಲು ಒಪ್ಪದೆ ನನ್ನ ಜೊತೆ ಬಂದಳು. ತಂಗಿಗೆ ಅಲ್ಲಿಗೇ ಬಾ ಎಂದು ಫೋನಿನಲ್ಲಿ ಹೇಳಿದೆ.

ಗ್ಯಾರೇಜಿನವರು ನಡುವಯಸ್ಸಿನ ಮನುಷ್ಯ. ಬಹಳ ಮಾತು, ಅರ್ಧ ಉರ್ದು, ಅರ್ಧ ಕನ್ನಡ. ಕೆಂಪು ನೀಲಿ ಗಡಿಯಾರದಂಥ ಎರಡು ಮೀಟರುಗಳನ್ನು ನಳಿಕೆಯಿಂದ ನನ್ನ ಕಾರಿನ ಪೈಪುಗಳಿಗೆ ಜೋಡಿಸಿದರು. ನೀಲಿ ಮುಳ್ಳು ಕೆಳಗೇ ಬಿದ್ದುಕೊಂಡಿತ್ತು. ಕೆಂಪು ಮುಳ್ಳೂ ಏಳಬೇಕಾದಷ್ಟು ಏಳಲಿಲ್ಲ.

"ಎರಡೂ ಕಮ್ಮಿ ಅವ. ಗ್ಯಾಸ್ ಹೋಗ್ಯಾದ್ರಿ," ಎಂದರು.

"ಮೊನ್ನೆ ತುಂಬ್ಸೀನಲ್ರಿ. ಇಷ್ಟ್ ಜಲ್ದಿ ಖರ್ಚಾಗ್ತದೇನು?"

"ಇದು ಪೆಟ್ರೋಲ್ ಅಲ್ರಿ ಅಕ್ಕಾ, ಖರ್ಚಾಗಾಕ. ಒಳಗೊಳಗೇ ತಿರುಗ್ತಿರ್ತದ. ಕಮ್ಮಿ ಆತಂದ್ರ ಎಲ್ಲೋ ಸೋರ್ಲತ್ತದ. ಹುಡುಕ್ತೀನಿ, ಜರಾ ಕೂಡ್ರಿ."

ತಗಡಿನ ನೆರಳಲ್ಲಿ ಬೆಂಚಿತ್ತು. ಅವ್ವ ಅದರ ಮೇಲೆ ಕೂತು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಳು. ಅಷ್ಟರಲ್ಲಿ ತಂಗಿಯ ಕಾರು ಬಂತು. ಅವಳು ಇಳಿದು ಬರುವ ಮುಂಚೆಯೇ ಅವ್ವ ಎದ್ದಳು. ತಾಂಡೂರಿಗೆಂದು ಕಟ್ಟಿದ್ದ ಬ್ಯಾಗು ನನ್ನ ಕೈಗೆ ಕೊಟ್ಟು, ಹೋಗಿ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಇಂಜಿನ್ ನಿಂತಿರಲಿಲ್ಲ. ಗಾಜಿನೊಳಗೆ ಅವಳ ಮುಖ ಹಾಯಾಗಿ ಹಿಂದಕ್ಕೆ ಒರಗಿತು.

ನನಗೆ ಏನಾಯಿತೋ. "ಬಾನೆಟ್ ತೆರಿ," ಎಂದೆ ತಂಗಿಗೆ.

"ಯಾಕ? ನಂದೇನೂ ಕೆಟ್ಟಿಲ್ಲ."

"ತೆರಿ ಅಂದ್ರ ತೆರಿ."

ತೆರೆದಳು. ನಾನು ಬಗ್ಗಿ ಅವಳ ಕಾರಿನ ದಪ್ಪ ಪೈಪು ಹುಡುಕಿ ಮುಟ್ಟಿದೆ. ಮಣ್ಣಿನ ಗಡಿಗೆಯ ಹೊಟ್ಟೆಯಂತೆ ತಣ್ಣಗಿತ್ತು. ಮೇಲೆಲ್ಲ ನೀರಿನ ಹನಿ. ಬೆರಳು ಒದ್ದೆಯಾದವು. ಕಂಪ್ರೆಸರಿನ ಬಿಲ್ಲೆ ಒಂದೇ ಸಮ ತಿರುಗುತ್ತಿತ್ತು, ಬಿಡುವ ಮಾತೇ ಇಲ್ಲ. ಎಲ್ಲ ಸರಿಯಾಗಿದ್ದರೂ ನಾನು ಬಗ್ಗಿ ನೋಡುತ್ತಲೇ ಇದ್ದೆ.

"ಏನ್ ನೋಡ್ಲತ್ತಿ ಅಕ್ಕಾ? ಕೆಟ್ಟದೇನಂತ ನೋಡ್ಲತ್ತಿ?"

"ಕೆಡಲಿ ಅಂತ ನೋಡ್ಲತ್ತೀನಿ," ಎಂದುಬಿಟ್ಟೆ.

ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ತಂಗಿ ಬಾನೆಟ್ ಮುಚ್ಚಿದಳು. ಸಿಟ್ಟಾಗುತ್ತಾಳೆಂದುಕೊಂಡೆ. ಅವಳು ಬಂದು ಅವ್ವ ಬಿಟ್ಟುಹೋದ ಬೆಂಚಿನ ಮೇಲೆ ಕೂತಳು, ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿದಳು.

"ನಿನಗ ನನ್ನ ಗಾಡಿ ಮ್ಯಾಲ ಕಣ್ಣದ ಅಂತ ಗೊತ್ತದ ನನಗ," ಎಂದಳು.

"ಗಾಡಿ ಯಾರಿಗಿ ಬೇಕು? ಅಕಿ ಹೋಗಿ ಕೂತ್ಳು ನೋಡು. ಅದು. ನಾನು ಅಕಿಗಿ ಏನೇನ್ ಮಾಡ್ತೀನಿ, ಒಂದಿನ ಅಕಿ ಬಾಯಾಗ ಬಂದದೇನು? ಇಡೀ ಊರಿಗಿ ನಿನ್ನ ಎಸಿ ಸುದ್ದಿ."

ತಂಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಕ್ಕಾ, ಅಕಿ ನನ್ನ ಮನಿಗಿ ಬಂದಾಗ ಏನ್ ಹೇಳ್ತಾಳ ಗೊತ್ತದೇನು ನಿನಗ? ದೊಡ್ಡಕಿ ಬ್ಯಾಳಿ ಹಿಂಗ ಮಾಡ್ತಾಳ. ದೊಡ್ಡಕಿ ಬಿಸಿನೀರ ಹೊತ್ತಿಗಿ ಸರಿ ಇಡ್ತಾಳ. ದೊಡ್ಡಕಿ ನೌಕರಿ ಮಾಡಿ ಬಂದೂ ನನ್ನ ಕಾಲ ಒತ್ತತಾಳ. ನನ್ನ ಗಂಡನ ಮುಂದ, ನಮ್ಮ ಅತ್ತಿ ಮುಂದ. ನಾ ಅನ್ನ ಬಡಸ್ಲಿಕ್ಕ ನಿಂತಾಗ ಹೇಳ್ತಾಳ. ನನಗ ಹೆಂಗಾಗಬೇಕು ಹೇಳು."

ನಾನು ನಂಬಲಿಲ್ಲ. "ಕಾಲ್ ಒತ್ತತೀನಿ ಅಂತ ಹೇಳ್ಯಾಳ?"

"ಎಷ್ಟ್ ಸಲ. ಮುಂಜಾನಿ ಎದ್ದು ಅಕಿ ನಿನ್ನ ಮಾರಿ ನೋಡ್ತಾಳ. ನನಗೇನದ? ನನ್ನ ಹತ್ರ ಇದ್ದದ್ದರಾಗ ಅಕಿಗಿ ಮನಸ್ಸಿಗಿ ಬಂದದ್ದು ಈ ಗಾಡಿ ಒಂದೇ. ಅದಕ್ಕೇ ಅಕಿ ಕೂತ್ರ ಎಸಿ ಪೂರಾ ಇಡ್ತೀನಿ. ನನಗ ನೆಗಡಿ ಆದ್ರೂ ಇಡ್ತೀನಿ."

ಅವಳ ಮೂಗು ನಿಜಕ್ಕೂ ಕೆಂಪಾಗಿತ್ತು. ನೆಗಡಿಯಿಂದಲೋ ಅಳುವಿನಿಂದಲೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಗ್ಯಾರೇಜಿನವರು ಕರೆದರು. ಮುಂಭಾಗದ ಜಾಲರಿಯ ಹಿಂದೆ ಪೈಪು ಸೇರುವ ಒಂದು ಕಡೆ ಎಣ್ಣೆಯ ಕಪ್ಪು ಕಲೆ ಇತ್ತು, ಧೂಳು ಮೆತ್ತಿಕೊಂಡಿತ್ತು. ಗ್ಯಾಸ್ ಸೋರುವಾಗ ಒಳಗಿನ ಎಣ್ಣೆಯನ್ನೂ ಸ್ವಲ್ಪ ತರುತ್ತದಂತೆ. ಅವರು ಅಲ್ಲಿಗೆ ಸೋಪಿನ ನೀರು ಹಚ್ಚಿದರು. ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಡೆದವು, ಮತ್ತೆ ಎದ್ದವು.

"ಇಲ್ಲದ ನೋಡ್ರಿ. ರಬ್ಬರ್ ರಿಂಗ್ ಹೋಗ್ಯಾದ. ಮೊದ್ಲ ತುಂಬ್ದವ್ರು ಇದು ನೋಡಿಲ್ಲ. ರಿಂಗ್ ಬದಲಿ ಮಾಡ್ತೀನಿ, ಒಳಗಿನ ಹವಾ ಎಲ್ಲಾ ಎಳ್ದು ತೆಗೀತೀನಿ, ಆಮ್ಯಾಲ ತೂಕ ಮಾಡಿ ಗ್ಯಾಸ್ ತುಂಬ್ತೀನಿ. ಭಾಳ ತುಂಬಿದ್ರೂ ತಂಪಾಗಂಗಿಲ್ಲ ಮತ್ತ. ಮಧ್ಯಾಹ್ನ ಆಗ್ತದ."

ತಂಗಿ ಎದ್ದಳು. "ಹಂಗಾದ್ರ ನಾ ಅವ್ವಗ ಕರ್ಕೊಂಡ್ ಹೊಂಡ್ತೀನಿ."

"ಬ್ಯಾಡ," ಎಂದೆ. "ಐತವಾರ ನಾನೇ ತರ್ತೀನಿ. ನನ್ನ ಗಾಡ್ಯಾಗ."

"ನಾ ಇಷ್ಟ್ ದೂರ ಬಂದೀನಲ್ಲಕ್ಕಾ."

ಅವಳು ಹೇಳಿದ್ದು ನ್ಯಾಯವಾಗಿತ್ತು, ನನ್ನದು ಬರೀ ಹಟ. ಅವ್ವ ಗಾಜು ಅರ್ಧ ಇಳಿಸಿ, "ಏನ್ ಜಗಳ ನಿಮ್ದು?" ಎಂದಳು. ತಂಗಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅವ್ವನ ಕಡೆ ಹೋಗಿ, "ನೀ ಐತವಾರ ಅಕ್ಕನ ಜೋಡಿ ಬಾ ಯವ್ವಾ. ನನಗ ಇವತ್ತ ಇಲ್ಲಿ ಬ್ಯಾರೆ ಕೆಲಸ ಅದ," ಎಂದಳು. ಅವಳಿಗೆ ಬೇರೆ ಕೆಲಸ ಇರಲಿಲ್ಲ. ನಮ್ಮಿಬ್ಬರನ್ನೂ ಮನೆಗೆ ಬಿಟ್ಟು, ಊಟವನ್ನೂ ಮಾಡದೆ ತಾಂಡೂರಿಗೆ ಖಾಲಿ ಸೀಟಿನೊಂದಿಗೆ ಹೊರಟುಹೋದಳು. ಗೆದ್ದದ್ದು ನಾನು. ಆದರೆ ಆ ದಿನ ನನಗೂ ಊಟ ಸೇರಲಿಲ್ಲ.

ಭಾನುವಾರ ನಾವಿಬ್ಬರೂ ಹೊರಟೆವು. ಜಹೀರಾಬಾದಿನ ಪೇಟೆ ದಾಟುವ ಮೊದಲೇ ಕಾರೊಳಗೆ ನಿಜವಾದ ತಂಪು ತುಂಬಿತು. ಕೊಹೀರ್ ಕಡೆ ಕೆಂಪು ಹೊಲಗಳು ಬಿಸಿಲಿಗೆ ಕಾದಿದ್ದವು, ಪೇರಲ ತೋಟಗಳ ಎಲೆಗಳು ಮುದುಡಿದ್ದವು. ಒಳಗೆ ನನ್ನ ಮುಂಗೈಗೆ ಮುಳ್ಳೇಳುವಷ್ಟು ಚಳಿ. ಅವ್ವ ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ಕೈ ಚಾಚಿ ತನ್ನ ಮುಂದಿನ ಗಾಳಿಕಿಂಡಿಯ ಪಟ್ಟಿಗಳನ್ನು ಒಂದೊಂದಾಗಿ ಮುಚ್ಚಿದಳು.

"ಯಾಕ ಮುಚ್ಚಿದಿ?"

"ಎದಿಗಿ ಬಡೀತದವ್ವ. ಥಂಡಿ ನನಗ ಆಗಂಗಿಲ್ಲ."

ನಾನು ಕಾರನ್ನು ರಸ್ತೆಬದಿಯ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಓಡಿಸುತ್ತ ಈ ಮಾತು ಆಡಲು ನನ್ನಿಂದ ಆಗುತ್ತಿರಲಿಲ್ಲ.

"ಯವ್ವಾ, ಅಕಿ ಗಾಡ್ಯಾಗ ಇದಕ್ಕಿಂತ ಜಾಸ್ತಿ ಥಂಡಿ ಇರ್ತದ. ಅಲ್ಲಿ ಹೆಂಗ ಆಗ್ತದ ನಿನಗ?"

ಅವ್ವ ಸೆರಗನ್ನು ಎದೆಗೆ ಎಳೆದುಕೊಂಡಳು. "ಅಲ್ಲಿನೂ ಆಗಂಗಿಲ್ಲ. ಅಕಿ ಹೊಸಾ ಗಾಡಿ ತಂದಾಗ ಮೊದ್ಲ ನನಗೇ ಕೂಡಿಸ್ಕೊಂಡ್ಳು. ಹೆಂಗದ ಯವ್ವಾ ಅಂತ ಕೇಳಿದ್ಳು. ಭಾಳ ಛಲೋ ಅದ, ತಂಪದ ಅಂದೆ. ಅಕಿ ಮಾರಿ ಎಷ್ಟು ಅರಳ್ತು. ಒಮ್ಮಿ ಅಂದ ಮ್ಯಾಲ ಮತ್ತ ಅದೇ ಅನಬೇಕಲ್ಲ. ಅಕಿ ಕೈಲಿಂದ ನಾನು ಮತ್ತೇನು ತಗೊಂಡೀನಿ? ಒಂದು ಲೋಟ ನೀರೂ ದಿನಾ ತಗೊಳಂಗಿಲ್ಲ."

"ನನ್ನ ಗಾಡ್ಯಾಗ ಉಸಿರು ಕಟ್ಟತದ ಅಂದಿ."

"ಅದೂ ಖರೇನೇ. ಬೆಂಕಿ ಇತ್ತು ನಿನ್ನ ಗಾಡಿ."

ನನಗೆ ನಗು ಬಂತು, ತಡೆದೆ. ಇನ್ನೊಂದು ಕೇಳದೆ ಬಿಡುವ ಹಾಗಿರಲಿಲ್ಲ. "ಅಕಿ ಮನ್ಯಾಗ ನನ್ನ ಹೊಗಳ್ತೀಯಂತ. ನನ್ನ ಮುಂದ ಒಂದಿನ ಯಾಕ ಹೇಳಲಿಲ್ಲ?"

ಅವ್ವ ನನ್ನ ಕಡೆ ತಿರುಗಿದಳು. ನಾನು ಹುಚ್ಚು ಪ್ರಶ್ನೆ ಕೇಳಿದ್ದೇನೆಂಬಂತೆ ನೋಡಿದಳು. "ನಿನಗೇನ್ ಹೇಳೋದು? ನೀ ಮನ್ಯಾಗಿನಕಿ," ಎಂದಳು. "ನಡಿ, ಹೊತ್ತಾತು. ಅಕಿ ಅಡಿಗಿ ಮಾಡಿ ಕಾಯ್ಲತ್ತಿರ್ತಾಳ."

ಗಾಡಿ ಮತ್ತೆ ರಸ್ತೆಗೆ ಹತ್ತಿಸಿದೆ. ಎಸಿ ಸ್ವಲ್ಪ ಕಡಿಮೆ ಮಾಡಿದೆ. ಮನೆಯವಳಿಗೆ ಹೇಳಬೇಕಾಗಿಲ್ಲ ಎಂಬುದು ಅವಳ ಲೆಕ್ಕದಲ್ಲಿ ದೊಡ್ಡ ಮಾತು. ಅದು ನನಗೆ ತಿಳಿಯಿತು. ಆದರೂ ಹೇಳಬೇಕಿತ್ತು ಎಂದು ನನಗೆ ಅನಿಸುವುದು ಹೋಗಲಿಲ್ಲ. ತಾಂಡೂರು ಹತ್ತಿರವಾದಂತೆ ಬಂಡೆ ಹೇರಿಕೊಂಡ ಲಾರಿಗಳು ಎದುರಾದವು, ರಸ್ತೆಯೆಲ್ಲ ಬಿಳಿ ಧೂಳು. ಅವ್ವ ನಿದ್ದೆ ಹೋಗಿದ್ದಳು.

ತಂಗಿಯ ಮನೆಯಲ್ಲಿ ನುಣುಪು ಬಂಡೆಯ ನೆಲದ ಮೇಲೆ ಚಾಪೆ ಹಾಸಿ ಊಟಕ್ಕೆ ಕೂತೆವು. ತಂಗಿ ತೊಗರಿಬೇಳೆಯ ಸಾರು ಬಡಿಸಿದಳು. ಅವ್ವ ಒಂದು ತುತ್ತು ಬಾಯಿಗಿಟ್ಟು, ತಂಗಿಯ ಅತ್ತೆಯ ಕಡೆ ತಿರುಗಿ, "ನಮ್ಮ ದೊಡ್ಡಕಿ ಬ್ಯಾಳ್ಯಾಗ ಜರಾ ಹುಣಸಿ ಹಣ್ಣು ಹಾಕ್ತಾಳ್ರಿ, ಭಾಳ ರುಚಿ ಆಗ್ತದ," ಎಂದಳು.

ನನ್ನ ಎದೆ ಒಮ್ಮೆ ಹಿಗ್ಗಿತು. ಅದನ್ನು ಮುಚ್ಚಿಡುವುದೇಕೆ. ವರ್ಷಗಟ್ಟಲೆ ಕೇಳಬೇಕೆಂದಿದ್ದ ಮಾತು ಅದು. ತಲೆಯೆತ್ತಿದಾಗ ತಂಗಿ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತ ಒಳಗೆ ನಿಂತಾಗ ನನ್ನ ಮುಖ ಹೇಗಿರುತ್ತಿತ್ತೋ ಅವಳದೂ ಹಾಗೇ ಇತ್ತು.

"ನಂದಕ್ಕಿಂತ ಇದೇ ಛಲೋ ಆಗ್ಯಾದ ಯವ್ವಾ," ಎಂದೆ.

"ಉಪ್ಪು ಕಮ್ಮಿ ಅದ," ಎಂದಳು ಅವ್ವ.

ತಂಗಿ ಮೊದಲು ನಕ್ಕಳು. ಆಮೇಲೆ ನಾನೂ ನಕ್ಕೆ. ಅವ್ವನಿಗೆ ಕಾರಣ ತಿಳಿಯಲಿಲ್ಲ, ಉಪ್ಪಿನ ಡಬ್ಬಿ ಕೇಳಿದಳು.

ಅವ್ವ ಆ ರಜೆ ಪೂರ್ತಿ ತಾಂಡೂರಿನಲ್ಲಿದ್ದಳು. ನಾನು ನಾರಾಯಣಖೇಡಕ್ಕೆ ತಣ್ಣನೆಯ ಕಾರಿನಲ್ಲಿ ಒಬ್ಬಳೇ ಹೋಗಿ ಬಂದೆ. ತಂಗಿ ದಿನಾ ಸಂಜೆ ಫೋನ್ ಮಾಡುತ್ತಿದ್ದಳು, ಹಿಂದೆ ಹಬ್ಬಕ್ಕೆ ಮಾತ್ರ ಮಾಡುತ್ತಿದ್ದವಳು. "ಇವತ್ತ ನಿನ್ನ ಬಗ್ಗೆ ಏನಂದ್ಳು ಕೇಳು," ಎಂದು ಶುರುಮಾಡುತ್ತಿದ್ದಳು. ನಾನು ಕೇಳುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು. ಒಮ್ಮೆ ಮಾತಿನ ನಡುವೆ, "ಅವ್ವ ಈಗ ನನ್ನ ಕೈಲಿಂದಲೇ ತಲಿಗಿ ಎಣ್ಣಿ ಹಚ್ಚಿಸ್ಕೋತಾಳ," ಎಂದಳು. ನನ್ನ ಹತ್ತಿರ ಅವ್ವ ಎಂದೂ ಹಚ್ಚಿಸಿಕೊಂಡವಳಲ್ಲ, ತಾನೇ ಹಚ್ಚಿಕೊಳ್ಳುತ್ತಾಳೆ. ನಾನು "ಹೌದೇನು, ಛಲೋ ಆತು," ಎಂದು ಫೋನ್ ಇಟ್ಟೆ, ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲುವ ತನಕ ಅಲ್ಲೇ ನಿಂತಿದ್ದೆ.